ಹೈಸ್ಕೂಲಿನ ಫ್ರೆಂಚ್ ಕಾಲೇಜಿನವರೆಗೆ ಬರುತ್ತದೆಯೇ?

(ಮೈಸೂರಿನಲ್ಲಿ ಒಂದು ಭಾನುವಾರ ಹೈಸ್ಕೂಲು ಮಕ್ಕಳು ಮತ್ತು ಅವರ ತಂದೆ ತಾಯಿಯರ ಮುಂದೆ ಆಡಿದ ಮಾತುಗಳ ಬರಹ ರೂಪ)

ನಾನು ಪಾಂಡವಪುರದ ಕಡೆಯವನು. ನಮ್ಮ ತಾತ ಆ ಊರನ್ನು ಪಾಂಡವಪುರ ಅಂತ ಕರೆದಿದ್ದನ್ನು ನಾನು ಕೇಳಿಯೇ ಇಲ್ಲ. ಅವರ ಬಾಯಲ್ಲಿ ಅದು ಯಾವಾಗಲೂ ‘ಪ್ರೆಂಚ್‌ರಾಕ್ಸು’. ಹೈದರ್ ಮತ್ತು ಟಿಪ್ಪುವಿನ ಸೈನ್ಯದಲ್ಲಿದ್ದ ಫ್ರೆಂಚ್ ಸಿಪಾಯಿಗಳು ಅಲ್ಲಿನ ಬಂಡೆಗಳ ಹತ್ತಿರ ಬಿಡಾರ ಹೂಡಿದ್ದರು. ಹಾಗಾಗಿ ಬ್ರಿಟಿಷರ ಕಾಲದಲ್ಲಿ ಊರಿಗೆ ಫ್ರೆಂಚ್ ರಾಕ್ಸ್ ಅಂತ ಹೆಸರು ಬಂತು. 1788ರಲ್ಲಿ ಟಿಪ್ಪುವಿನ ಮೂವರು ರಾಯಭಾರಿಗಳು ವರ್ಸೇ ಅರಮನೆಗೆ ಹೋಗಿ ಹದಿನಾರನೇ ಲೂಯಿಯನ್ನು ಕಂಡು ಬಂದರು. ಮರುವರ್ಷವೇ ಅಲ್ಲಿ ಕ್ರಾಂತಿ ಶುರುವಾಯಿತು. ಸಹಾಯ ಕೇಳಲು ಹೋದವರ ಟೈಮ್ ಚೆನ್ನಾಗಿರಲಿಲ್ಲ, ಬಿಡಿ.

ಇದನ್ನು ಯಾಕೆ ಹೇಳಿದೆ ಅಂದರೆ, ಫ್ರೆಂಚ್ ರಾಕ್ಸಿನಲ್ಲಿ ಹುಟ್ಟಿದ ನಾನು ಹದಿನಾರು ವರ್ಷದವರೆಗೆ ಒಂದೇ ಒಂದು ಫ್ರೆಂಚ್ ಪದ ಕೇಳಿರಲಿಲ್ಲ. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ಪಿಯುಸಿಗೆ ಅಂತ ಮೈಸೂರಿಗೆ ಬಂದೆ. ಅಡ್ಮಿಷನ್ ದಿನ ಭಾಷೆಯ ಕಾಲಂ ಖಾಲಿ ಬಿಟ್ಟಿದ್ದೆ. ಯಾವ ಕ್ಲಾಸಿನಲ್ಲಿ ಜಾಗ ಇತ್ತೋ ಅದನ್ನು ಗುಮಾಸ್ತರು ತುಂಬಿದರು. ಮೂರು ದಿನ ಆದ ಮೇಲೆ ಗೊತ್ತಾಯಿತು, ನಾನು ಫ್ರೆಂಚ್ ವಿದ್ಯಾರ್ಥಿ ಅಂತ. ಬದಲಾಯಿಸಿ ಅಂತ ಕೇಳಲು ಧೈರ್ಯ ಸಾಲಲಿಲ್ಲ.

ಆದರೆ ಆ ಕ್ಲಾಸಿನಲ್ಲಿ ಒಂದು ಸಂಗತಿ ಆಯಿತು. ಇಂಗ್ಲಿಷ್ ಕ್ಲಾಸಿನಲ್ಲಿ ನಾನು ಕೊನೆಯ ಬೆಂಚು. ಕಾನ್ವೆಂಟಿನಿಂದ ಬಂದವರು ಪಟಪಟ ಉತ್ತರ ಕೊಡುತ್ತಿದ್ದರು, ನಾನು ಮನಸ್ಸಿನಲ್ಲೇ ವಾಕ್ಯ ಜೋಡಿಸುವಷ್ಟರಲ್ಲಿ ಮೇಡಂ ಮುಂದಿನ ಪ್ರಶ್ನೆಗೆ ಹೋಗಿರುತ್ತಿದ್ದರು. ಫ್ರೆಂಚ್ ಕ್ಲಾಸಿನಲ್ಲಿ ಹಾಗಲ್ಲ. ಅಲ್ಲಿ ಎಲ್ಲರೂ ಸೊನ್ನೆ. ಕಾನ್ವೆಂಟಿನವರಿಗೂ ‘ಬೊಂಜೂರ್’ ಹೊಸದು, ನನಗೂ ಹೊಸದು. ಅಷ್ಟೇ ಅಲ್ಲ, ಎರಡು ವಾರ ಕಳೆಯುವಷ್ಟರಲ್ಲಿ ನಾನು ಅವರಿಗಿಂತ ಸ್ವಲ್ಪ ಮುಂದಿದ್ದೆ. ಅದಕ್ಕೆ ಕಾರಣ ಕನ್ನಡ.

ನೋಡಿ, ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ‘ಯೂ’. ಫ್ರೆಂಚಿನಲ್ಲಿ ‘ತ್ಯು’ ಇದೆ, ‘ವೂ’ ಇದೆ. ನಮ್ಮ ನೀನು, ನೀವು. ಅಂಗಡಿಯವರಿಗೆ ಯಾವುದು, ಗೆಳೆಯನಿಗೆ ಯಾವುದು, ಗೆಳೆಯನ ಅಮ್ಮನಿಗೆ ಯಾವುದು ಅಂತ ಇಂಗ್ಲಿಷ್ ಮಾತ್ರ ಗೊತ್ತಿರುವವರಿಗೆ ಪಾಠ ಮಾಡಬೇಕು. ನಮ್ಮ ಮಕ್ಕಳಿಗೆ ಅದು ಹೊಟ್ಟೆಯಿಂದಲೇ ಬಂದಿರುತ್ತದೆ. ಕ್ರಿಯಾಪದವೂ ಹಾಗೆ. ನಾನು ಹೋಗುತ್ತೇನೆ, ನೀನು ಹೋಗುತ್ತೀಯ, ನಾವು ಹೋಗುತ್ತೇವೆ, ನೀವು ಹೋಗುತ್ತೀರಿ. ಯಾರು ಅನ್ನುವುದರ ಮೇಲೆ ಬಾಲ ಬದಲಾಗುತ್ತದೆ ಅಲ್ವಾ? ಅಲ್ಲೂ ಅದೇ. ಜ ವೇ, ತ್ಯು ವಾ, ನೂಜ್ ಆಲೋಂ, ವೂಜ್ ಆಲೇ. ಇನ್ನು ‘ತ’ ಮತ್ತು ‘ದ’. ಇಂಗ್ಲಿಷಿನ ಟೇಬಲ್ ಫ್ರೆಂಚಿನಲ್ಲಿ ‘ತಾಬ್ಲ್’. ನಾಲಿಗೆ ಹಲ್ಲಿಗೆ ತಾಗಬೇಕು. ನಮಗದು ಸುಮ್ನೆ ಬರುತ್ತದೆ. ಮೂಗಿನಲ್ಲಿ ಹೇಳುವ ಸ್ವರಗಳು ಮಾತ್ರ ನನ್ನನ್ನು ಸತಾಯಿಸಿದವು. ಆಮೇಲೆ ಪಾಠ ಮಾಡಲು ಶುರು ಮಾಡಿದಾಗ ಗಮನಿಸಿದೆ, ಮಂಗಳೂರು ಕಡೆಯ ಕೊಂಕಣಿ ಮಕ್ಕಳಿಗೆ ಅದೂ ಕಷ್ಟವಿಲ್ಲ. ಅವರ ಭಾಷೆಯಲ್ಲೇ ಮೂಗಿನ ಸ್ವರ ಇದೆ.

ಎಲ್ಲರಿಗೂ ಕಷ್ಟವಾಗುವ ಒಂದು ಸ್ವರ ಇದೆ. ಈಗಲೇ ಮಾಡಿ ನೋಡೋಣ. ತುಟಿಯನ್ನು ‘ಊ’ ಅನ್ನುವ ಹಾಗೆ ಗುಂಡಗೆ ಮಾಡಿ. ಹಾಗೇ ಇಟ್ಟುಕೊಂಡು ಒಳಗಿನಿಂದ ‘ಈ’ ಅನ್ನಿ. ನಗಬೇಡಿ. ನನಗೆ ಇದು ಬರಲು ಎರಡು ತಿಂಗಳು ಬೇಕಾಯಿತು. ನಾನು ‘ತ್ಯು’ ಅಂತ ಬರೆಯುವುದು, ಹೇಳುವುದು ಎಲ್ಲಾ ಸುಳ್ಳು. ಆ ಸ್ವರ ಬರೆಯಲು ಕನ್ನಡದಲ್ಲಿ ಅಕ್ಷರ ಇಲ್ಲ.

ಅವರ ಲೆಕ್ಕದ ಪದಗಳೂ ಒಂದು ತಮಾಷೆ. ತೊಂಬತ್ತೇಳಕ್ಕೆ ಅವರು ‘ನಾಲ್ಕು ಇಪ್ಪತ್ತು, ಹತ್ತು, ಏಳು’ ಅನ್ನುತ್ತಾರೆ. ಮಕ್ಕಳು ತಲೆ ಚಚ್ಚಿಕೊಳ್ಳುತ್ತಾರೆ. ಆಗ ನಾನು ನಮ್ಮ ಒಂಬತ್ತನ್ನು ತೋರಿಸುತ್ತೇನೆ. ಹತ್ತಕ್ಕೆ ಒಂದು ಕಮ್ಮಿ ಅನ್ನುವುದೇ ಒಂಬತ್ತು ಆಗಿದೆ ಅಂತ ಭಾಷಾ ವಿದ್ವಾಂಸರು ಹೇಳುತ್ತಾರೆ. ನಾವೂ ಲೆಕ್ಕ ಹಾಕಿಯೇ ಹೆಸರಿಟ್ಟಿದ್ದೇವೆ, ಮರೆತಿದ್ದೇವೆ ಅಷ್ಟೇ.

ಸರಿ, ನೀವು ಬಂದಿರುವುದು ಇದನ್ನು ಕೇಳಲು ಅಲ್ಲ. ಹೈಸ್ಕೂಲಿನಲ್ಲಿ ಫ್ರೆಂಚ್ ತಗೊಂಡರೆ ಕಾಲೇಜಿಗೆ ಏನು ಲಾಭ ಅಂತ ಕೇಳಲು. ಅದರಲ್ಲೂ ಮೊದಲ ಪ್ರಶ್ನೆ ನನಗೆ ಗೊತ್ತು. ‘ಸರ್, ಅದು ಸ್ಕೋರಿಂಗ್ ಅಂತೆ, ಹೌದಾ?’

ಹೌದು, ಅಂಕ ಬರುತ್ತದೆ. ಯಾಕೆಂದರೆ ನಮ್ಮ ಬಹುಪಾಲು ಪರೀಕ್ಷೆ ಬರವಣಿಗೆಯ ಮೇಲೆ ನಿಂತಿದೆ. ಪಾಠದ ಪ್ರಶ್ನೋತ್ತರ, ವ್ಯಾಕರಣ, ಅನುವಾದ. ನೆನಪಿನ ಶಕ್ತಿ ಇದ್ದರೆ ಸಾಕು. ಆದರೆ ಆ ಅಂಕ ಎಲ್ಲಿಗೆ ಹೋಗುತ್ತದೆ ನೋಡಿ. ಸಿಇಟಿಯಲ್ಲಿ ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಹಿಡಿಯುತ್ತಾರೆ. ಭಾಷೆಯ ಅಂಕ ಅದರಲ್ಲಿ ಸೇರುವುದಿಲ್ಲ. ನೀಟ್ ರ‍್ಯಾಂಕಿಗೂ ಸೇರುವುದಿಲ್ಲ. ಬಿಕಾಂ, ಬಿಎಗೆ ಒಟ್ಟು ಪರ್ಸೆಂಟೇಜ್ ನೋಡುವ ಕಾಲೇಜುಗಳಲ್ಲಿ ಸ್ವಲ್ಪ ಉಪಯೋಗ. ಅಡ್ಮಿಷನ್ ಮುಗಿದ ದಿನ ಅದರ ಕೆಲಸವೂ ಮುಗಿಯಿತು.

ಒಂದು ಸಲ ಪಿಯುಸಿ ಫ್ರೆಂಚಿನಲ್ಲಿ 98 ತೆಗೆದ ಹುಡುಗ ನನ್ನ ಹತ್ತಿರ ಬಂದ. ಮೇಲಿನ ಹಂತದ ಕ್ಲಾಸಿಗೆ ಸೇರಬೇಕು ಅಂದ. ಫ್ರೆಂಚಿನಲ್ಲೇ ಕೇಳಿದೆ, ಬೆಳಗ್ಗೆ ತಿಂಡಿ ಏನು ತಿಂದೆ? ಹುಡುಗ ಸುಮ್ಮನೆ ನಿಂತ. ಅವನು ದಡ್ಡ ಅಲ್ಲ. ಕಷ್ಟದ ಕ್ರಿಯಾಪದಗಳ ರೂಪಗಳನ್ನೆಲ್ಲ ತಪ್ಪಿಲ್ಲದೆ ಬರೆದುಕೊಟ್ಟ. ಆದರೆ ಐದು ವರ್ಷದಲ್ಲಿ ಯಾರೂ ಅವನನ್ನು ಆ ಭಾಷೆಯಲ್ಲಿ ಮಾತಾಡಿಸಿರಲಿಲ್ಲ. ಈಜಿನ ಪುಸ್ತಕದಲ್ಲಿ 98 ಬಂದಿತ್ತು, ಕೆರೆಗೆ ಇಳಿದಿರಲಿಲ್ಲ.

ಹುಡುಗನನ್ನು ಬೈಯುವ ಮೊದಲು ಸ್ವಲ್ಪ ಲೆಕ್ಕ ಹಾಕೋಣ. ವಾರಕ್ಕೆ ನಾಲ್ಕು ಪೀರಿಯಡ್, ಒಂದೊಂದು 40 ನಿಮಿಷ. ವರ್ಷಕ್ಕೆ 35 ವಾರ ಅನ್ನಿ. ಹೆಚ್ಚು ಕಮ್ಮಿ 93 ಗಂಟೆ. ಎಂಟು, ಒಂಬತ್ತು, ಹತ್ತು, ಮೂರು ವರ್ಷಕ್ಕೆ 280 ಗಂಟೆ. ಅದರಲ್ಲಿ ಸ್ಪೋರ್ಟ್ಸ್ ಡೇ, ಆನುಯಲ್ ಡೇ, ಪರೀಕ್ಷೆ ಕಳೆಯಿರಿ. ಕ್ಲಾಸಿನಲ್ಲಿ ನಲವತ್ತು ಮಕ್ಕಳು. ನಿಮ್ಮ ಮಗುವಿನ ಬಾಯಿಗೆ ಎಷ್ಟು ನಿಮಿಷ ಸಿಗುತ್ತದೆ?

ಯುರೋಪಿನಲ್ಲಿ ಭಾಷೆಯ ಮಟ್ಟವನ್ನು ಎ1, ಎ2, ಬಿ1, ಬಿ2, ಸಿ1, ಸಿ2 ಅಂತ ಆರು ಮೆಟ್ಟಿಲು ಮಾಡಿದ್ದಾರೆ. ಬಿ2 ಅಂದರೆ ಆ ಭಾಷೆಯಲ್ಲಿ ಕಾಲೇಜು ಪಾಠ ಕೇಳಬಹುದು ಅನ್ನುವ ಮಟ್ಟ. ಅಲ್ಲಿಗೆ ತಲುಪಲು ಸಾಮಾನ್ಯವಾಗಿ 500, 600 ಗಂಟೆ ಪಾಠ ಬೇಕು ಅನ್ನುತ್ತಾರೆ. ನಮ್ಮ ಹೈಸ್ಕೂಲು ಕೊಡುವುದು ಅದರ ಅರ್ಧ. ಚೆನ್ನಾಗಿ ನಡೆದರೆ ಎ2 ದಾಟಬಹುದು. ಆ ಅರ್ಧ ಕಮ್ಮಿಯೇನಲ್ಲ. ಡಿಗ್ರಿಗೆ ಬಂದು ಎಲ್ಲವನ್ನೂ ಸೊನ್ನೆಯಿಂದ ಶುರು ಮಾಡುವವರಿಗೆ ಆ 280 ಗಂಟೆ ಎಲ್ಲಿಂದ ತರಬೇಕು? ಲ್ಯಾಬ್, ಇಂಟರ್ನಲ್ಸ್, ಪ್ರಾಜೆಕ್ಟ್ ನಡುವೆ ಸಿಗುವುದಿಲ್ಲ. ಹೈಸ್ಕೂಲು ಫ್ರೆಂಚಿನ ದೊಡ್ಡ ಲಾಭ ನನ್ನ ಪ್ರಕಾರ ಇದೇ. ಸಮಯ ಇರುವ ವಯಸ್ಸಿನಲ್ಲಿ ಅರ್ಧ ದಾರಿ ನಡೆದಿರುತ್ತೀರಿ.

ಆದರೆ ನಡೆದಿದ್ದೀರಿ ಅಂತ ತೋರಿಸಲು ಶಾಲೆಯ ಮಾರ್ಕ್ಸ್ ಕಾರ್ಡ್ ಸಾಲದು. ಅದಕ್ಕೆ ಡೆಲ್ಫ್ ಅಂತ ಪರೀಕ್ಷೆ ಇದೆ. ಬೆಂಗಳೂರಿನಲ್ಲಿ ಫ್ರೆಂಚ್ ಕಲಿಸುವ ಸಂಸ್ಥೆಯಾದ ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್ ಅದನ್ನು ನಡೆಸುತ್ತದೆ. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು, ನಾಲ್ಕಕ್ಕೂ 25, 25 ಅಂಕ. ಒಟ್ಟು 50 ಬಂದರೆ ಪಾಸು. ಆದರೆ ಯಾವುದರಲ್ಲೂ 5ಕ್ಕಿಂತ ಕೆಳಗೆ ಇಳಿಯಬಾರದು. ಬಾಯಿಪಾಠದವರು ಸಿಕ್ಕಿಬೀಳುವುದು ಅಲ್ಲೇ. ಒಮ್ಮೆ ಪಾಸಾದರೆ ಸರ್ಟಿಫಿಕೇಟಿಗೆ ಅವಧಿ ಇಲ್ಲ, ಜೀವನಪೂರ್ತಿ ನಡೆಯುತ್ತದೆ. ಹತ್ತನೇ ತರಗತಿ ಮುಗಿದ ಬೇಸಿಗೆ ರಜೆಯ ಹೊತ್ತಿಗೆ ಎ2 ಕೈಯಲ್ಲಿದ್ದರೆ ಚೆನ್ನ.

ಇನ್ನು ಕಾಲೇಜಿನ ಒಳಗೆ ಏನು ಉಪಯೋಗ? ಇದು ಯಾವ ಕೋರ್ಸು ಅನ್ನುವುದರ ಮೇಲೆ ಹೋಗುತ್ತದೆ.

ಲಾ ಓದುವವರಿಗೆ ಒಂದು ಮಜಾ ಇದೆ. ನಮ್ಮ ಕೋರ್ಟಿನ ಕನ್ನಡದಲ್ಲಿ ವಕೀಲ, ಅರ್ಜಿ, ಜಾಮೀನು, ದಾವೆ ಇವೆಲ್ಲ ಎಲ್ಲಿಂದ ಬಂದವು? ಪಾರಸಿ, ಅರಬ್ಬಿಯಿಂದ. ಆಳಿದವರ ಭಾಷೆ ಕೋರ್ಟಿನಲ್ಲಿ ಉಳಿದುಬಿಡುತ್ತದೆ. ಇಂಗ್ಲೆಂಡಿಗೂ ಅದೇ ಆಯಿತು. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯವರು ಬಂದು ಗೆದ್ದರು. ಅವರ ಮಾತು ಅಲ್ಲಿನ ಕೋರ್ಟಿನಲ್ಲಿ ಶತಮಾನಗಟ್ಟಲೆ ಕೂತಿತು. ಪೇಪರಿನಲ್ಲಿ ‘ಪೆರೋಲ್ ಮೇಲೆ ಬಿಡುಗಡೆ’ ಅಂತ ಓದುತ್ತೀರಲ್ಲ, ಫ್ರೆಂಚಿನಲ್ಲಿ ಪಾರೋಲ್ ಅಂದರೆ ಮಾತು. ವಾಪಸ್ ಬರುತ್ತೇನೆ ಅಂತ ಮಾತು ಕೊಟ್ಟು ಹೊರಗೆ ಬರುವುದು. ಮಾರ್ಟ್‌ಗೇಜ್ ಅಂದರೆ ಸತ್ತ ಒತ್ತೆ. ಟಾರ್ಟ್ ಅಂದರೆ ತಪ್ಪು. ಹೈಕೋರ್ಟಿನಲ್ಲಿ ಮುಖ್ಯ ನ್ಯಾಯಮೂರ್ತಿಯನ್ನು ಬಿಟ್ಟು ಉಳಿದವರನ್ನು ‘ಪ್ಯೂನಿ ಜಡ್ಜ್’ ಅನ್ನುತ್ತಾರೆ. ಸ್ಪೆಲ್ಲಿಂಗ್ ನೋಡಿದರೆ ಯಾರಿಗೂ ಓದಲು ಬರುವುದಿಲ್ಲ. ಅದು ಎರಡು ಫ್ರೆಂಚ್ ಪದ, ‘ಆಮೇಲೆ ಹುಟ್ಟಿದವನು’ ಅಂತ ಅರ್ಥ. ಹೈಸ್ಕೂಲಿನಲ್ಲಿ ಫ್ರೆಂಚ್ ಓದಿದ ಮಗು ಇಂಥ ಪದ ಕಂಡರೆ ಹೆದರುವುದಿಲ್ಲ, ಒಡೆದು ನೋಡುತ್ತದೆ.

ಇಂಜಿನಿಯರಿಂಗಿನಲ್ಲಿ ಫೂರ್ಯೇ, ಲಾಪ್ಲಾಸ್, ಲಾಗ್ರಾಂಜ್ ಎಂಬ ಫ್ರಾನ್ಸಿನ ಗಣಿತಜ್ಞರೆಲ್ಲ ಕಾಯುತ್ತಿರುತ್ತಾರೆ. ಹೆಸರನ್ನು ಸರಿಯಾಗಿ ಹೇಳಿದರೆ ಗಣಿತದ ಪೇಪರು ಪಾಸಾಗುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಆದರೆ ಇಸ್ರೋ ಕಥೆ ಗೊತ್ತಿರಲಿ. ಎತ್ತಿನ ಗಾಡಿಯ ಮೇಲೆ ಉಪಗ್ರಹ ಇಟ್ಟಿರುವ ಫೋಟೋ ನೋಡಿದ್ದೀರಲ್ಲ? ಅದು ಆಪಲ್ ಉಪಗ್ರಹ. 1981ರ ಜೂನಿನಲ್ಲಿ ಅದು ಹಾರಿದ್ದು ಫ್ರೆಂಚ್ ಗಯಾನಾದ ಕೂರೂ ಎಂಬಲ್ಲಿಂದ, ಏರಿಯಾನ್ ರಾಕೆಟ್ಟಿನಲ್ಲಿ. ನಮ್ಮ ರಾಕೆಟ್ಟುಗಳ ವಿಕಾಸ್ ಇಂಜಿನ್ ಕೂಡ ಫ್ರಾನ್ಸಿನ ವೈಕಿಂಗ್ ಇಂಜಿನ್‌ನಿಂದ ಬಂದದ್ದು. 1970ರ ದಶಕದಲ್ಲಿ ನಮ್ಮ ಇಂಜಿನಿಯರುಗಳು ವೆರ್ನೋಂ ಎಂಬ ಊರಿಗೆ ಹೋಗಿ ಅಲ್ಲಿನವರ ಜೊತೆ ಕೆಲಸ ಮಾಡಿ ಕಲಿತು ಬಂದರು. ಇವತ್ತು ವಿಮಾನ ಕಟ್ಟುವ ಏರ್‌ಬಸ್ ಕಂಪನಿ ಬೆಂಗಳೂರಿನಲ್ಲಿದೆ, ಅದರ ದೊಡ್ಡ ಮನೆ ಫ್ರಾನ್ಸಿನ ತುಲೂಸ್‌ನಲ್ಲಿದೆ.

ಹೋಟೆಲ್ ಮ್ಯಾನೇಜ್‌ಮೆಂಟ್ ವಿಷಯ ಜಾಸ್ತಿ ಹೇಳಬೇಕಿಲ್ಲ. ಆ ಅಡುಗೆಮನೆಯ ಭಾಷೆಯೇ ಫ್ರೆಂಚ್. ಕ್ಯಾರೆಟ್ಟನ್ನು ಉದ್ದುದ್ದ ಸಣ್ಣಗೆ ಹೆಚ್ಚಿದರೆ ಜುಲಿಯೆನ್. ನಮ್ಮಮ್ಮ ಹುರುಳಿಕಾಯಿ ಹೆಚ್ಚುತ್ತಿದ್ದದ್ದು ಹಾಗೇ, ಹೆಸರು ಮಾತ್ರ ಇರಲಿಲ್ಲ.

ನನಗೆ ತುಂಬಾ ಇಷ್ಟವಾದ ಉದಾಹರಣೆ ಬೇರೆ. ಇತಿಹಾಸ ಓದುವ ಮಕ್ಕಳದು. ಕರ್ನಾಟಕ ಶಾಸನಗಳ ನಾಡು. ಇಲ್ಲಿ ಶಾಸನ ಓದಲು ಕಲಿತ ಹುಡುಗಿಯೊಬ್ಬಳಿಗೆ ಆಗ್ನೇಯ ಏಷ್ಯಾದ ಮೇಲೆ ಆಸಕ್ತಿ ಬಂತು. ಕಾಂಬೋಡಿಯಾದಲ್ಲಿ ಸಂಸ್ಕೃತ ಶಾಸನಗಳು ರಾಶಿ ಇವೆ. ಕದಂಬರ ಕಾಲದ ಅಕ್ಷರ ನೋಡಿದ ಕಣ್ಣಿಗೆ ಅಲ್ಲಿನ ಹಳೆಯ ಲಿಪಿ ಪೂರ್ತಿ ಅಪರಿಚಿತ ಅನ್ನಿಸುವುದಿಲ್ಲ. ಸಂಸ್ಕೃತ ಅವಳಿಗೆ ಗೊತ್ತು. ಲಿಪಿ ಹಿಡಿತಕ್ಕೆ ಬಂತು. ಆದರೆ ಅವುಗಳ ಮೇಲಿನ ದೊಡ್ಡ ಕೆಲಸ ಎಲ್ಲಾ ಫ್ರೆಂಚಿನಲ್ಲಿ. ಕಾಂಬೋಡಿಯಾ 1863ರಿಂದ 1953ರವರೆಗೆ ಫ್ರೆಂಚರ ಕೈಯಲ್ಲಿತ್ತು. ಬರ್ಗೇಞ್, ಬಾರ್ತ್, ಆಮೇಲೆ ಜಾರ್ಜ್ ಸೆದೆಸ್ ಎಂಬ ಫ್ರೆಂಚ್ ವಿದ್ವಾಂಸರು ಆ ಶಾಸನಗಳನ್ನು ಓದಿ ಪ್ರಕಟಿಸಿದರು. ಸೆದೆಸ್ ಒಬ್ಬರದ್ದೇ ಎಂಟು ಸಂಪುಟ. ಶಾಸನ ಸಂಸ್ಕೃತದಲ್ಲಿ, ಅದರ ಟಿಪ್ಪಣಿ ಫ್ರೆಂಚಿನಲ್ಲಿ. ಆ ಹುಡುಗಿ ಹೈಸ್ಕೂಲಿನಲ್ಲಿ ಮೂರು ವರ್ಷ ಫ್ರೆಂಚ್ ಓದಿದ್ದಳು, ಮನಸ್ಸಿಲ್ಲದ ಮನಸ್ಸಿನಿಂದ. ಹಳೆಯ ನೋಟ್‌ಬುಕ್ ಹುಡುಕಿ ತೆಗೆದಳು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಮೊದಲ ಪುಟ ಓದಲು ನಾಲ್ಕು ದಿನ ಆಯಿತಂತೆ. ಹತ್ತನೇ ಪುಟಕ್ಕೆ ಅರ್ಧ ದಿನ. ಮಾತಾಡಲು ಇವತ್ತಿಗೂ ಅವಳಿಗೆ ಸರಿಯಾಗಿ ಬರುವುದಿಲ್ಲ, ಓದಲು ಬರುತ್ತದೆ. ಅವಳಿಗೆ ಬೇಕಾಗಿದ್ದೂ ಅದೇ.

ಅಷ್ಟು ದೂರ ಯಾಕೆ, ಇಲ್ಲೇ ಶ್ರೀರಂಗಪಟ್ಟಣದ ಕಡೆ ಕೆಲಸ ಮಾಡಿದ ಪಾದ್ರಿ ಅಬ್ಬೆ ದುಬ್ವಾ ಮೈಸೂರು ಸೀಮೆಯ ಜನಜೀವನದ ಬಗ್ಗೆ ಬರೆದದ್ದು ಫ್ರೆಂಚಿನಲ್ಲಿ. ನಾವು ಓದುವುದು ಇಂಗ್ಲಿಷ್ ಅನುವಾದ. ನಮ್ಮ ಅಜ್ಜ ಮುತ್ತಜ್ಜಂದಿರ ಬಗ್ಗೆ ಬೇರೆಯವರು ಬರೆದದ್ದನ್ನು ಮೂರನೆಯವರ ಬಾಯಿಂದ ಕೇಳುತ್ತಿದ್ದೇವೆ.

ಫ್ರಾನ್ಸಿಗೇ ಹೋಗಿ ಓದುವ ಮಾತು. 2024ರ ಗಣರಾಜ್ಯೋತ್ಸವಕ್ಕೆ ಬಂದಿದ್ದ ಅಧ್ಯಕ್ಷ ಮ್ಯಾಕ್ರೋಂ, 2030ರ ಹೊತ್ತಿಗೆ 30,000 ಭಾರತೀಯ ವಿದ್ಯಾರ್ಥಿಗಳು ಫ್ರಾನ್ಸಿನಲ್ಲಿ ಇರಬೇಕು ಅಂತ ಗುರಿ ಹೇಳಿದರು. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಯುರೋಪಿನ ಹೊರಗಿನವರಿಗೆ 2019ರಲ್ಲಿ ವರ್ಷಕ್ಕೆ ಡಿಗ್ರಿಗೆ 2,770 ಯೂರೋ, ಮಾಸ್ಟರ್ಸ್‌ಗೆ 3,770 ಯೂರೋ ಫೀಸು ಇಟ್ಟರು. ಆಮೇಲೆ ಸ್ವಲ್ಪ ಏರಿದೆ. ಅಮೆರಿಕ, ಇಂಗ್ಲೆಂಡ್ ಫೀಸಿನ ಪಕ್ಕ ಇಟ್ಟು ನೋಡಿ. ಖಾಸಗಿ ಬಿಸಿನೆಸ್ ಸ್ಕೂಲುಗಳ ಲೆಕ್ಕ ಬೇರೆ, ಅಲ್ಲಿ ಜೇಬು ನೋಡಿಕೊಳ್ಳಿ. ಸರ್ಕಾರಿ ವಿಶ್ವವಿದ್ಯಾಲಯಗಳ ಡಿಗ್ರಿ ಪಾಠ ಬಹುಪಾಲು ಫ್ರೆಂಚಿನಲ್ಲೇ, ಅದಕ್ಕೆ ಸಾಮಾನ್ಯವಾಗಿ ಬಿ2 ಕೇಳುತ್ತಾರೆ. ಮಾಸ್ಟರ್ಸ್‌ಗೆ ಇಂಗ್ಲಿಷಿನಲ್ಲೂ ಕೋರ್ಸುಗಳಿವೆ.

‘ಹಾಗಾದರೆ ಮಾಸ್ಟರ್ಸ್‌ಗೆ ಫ್ರೆಂಚ್ ಬೇಡವೇ ಬೇಡ’ ಅನ್ನುವವರಿಗೆ ಅಲ್ಲಿ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೇಳಿದ್ದನ್ನು ಹೇಳುತ್ತೇನೆ. ‘ಸರ್, ಮೀಟಿಂಗ್ ಇಂಗ್ಲಿಷಿನಲ್ಲಿ ನಡೆಯುತ್ತೆ. ಆದರೆ ಮಧ್ಯಾಹ್ನ ಹನ್ನೆರಡೂವರೆಗೆ ಎಲ್ಲರೂ ಊಟಕ್ಕೆ ಏಳ್ತಾರೆ. ಒಂದು ಗಂಟೆ ಊಟ. ಅಲ್ಲಿ ಒಬ್ಬರೂ ಇಂಗ್ಲಿಷ್ ಮಾತಾಡಲ್ಲ. ಯಾರಿಗೆ ಯಾವ ಪ್ರಾಜೆಕ್ಟು, ಯಾರು ಕೆಲಸ ಬಿಡ್ತಿದ್ದಾರೆ, ಎಲ್ಲಾ ಗೊತ್ತಾಗೋದು ಆ ಟೇಬಲ್ಲಿನಲ್ಲೇ.’ ಮನೆ ಬಾಡಿಗೆಯ ಕರಾರು, ಬ್ಯಾಂಕು, ವೀಸಾ ಕಚೇರಿಯ ಪತ್ರ, ಇವು ಯಾವುವೂ ನಿಮ್ಮ ಇಂಗ್ಲಿಷಿಗಾಗಿ ಕಾಯುವುದಿಲ್ಲ.

ಅಮೆರಿಕದಲ್ಲಿ ನನ್ನ ತಂಗಿಯ ಮಗ ಹೈಸ್ಕೂಲಿನಲ್ಲಿ ನಾಲ್ಕು ವರ್ಷ ಫ್ರೆಂಚ್ ಓದಿದ. ಕೊನೆಯಲ್ಲಿ ಎಪಿ ಫ್ರೆಂಚ್ ಪರೀಕ್ಷೆ ಬರೆದ, ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಪರೀಕ್ಷೆ ಅದು. ಅದಕ್ಕೆ 1ರಿಂದ 5ರವರೆಗೆ ಅಂಕ. ಒಳ್ಳೆಯ ಅಂಕ ಬಂದರೆ ಬಹಳಷ್ಟು ಕಾಲೇಜುಗಳು ಕ್ರೆಡಿಟ್ ಕೊಡುತ್ತವೆ, ಇಲ್ಲವೇ ಮೇಲಿನ ಕ್ಲಾಸಿಗೆ ನೇರ ಕೂರಿಸುತ್ತವೆ. ಅಷ್ಟರ ಮಟ್ಟಿಗೆ ಫೀಸೂ ಉಳಿಯುತ್ತದೆ. ಎಷ್ಟಕ್ಕೆ ಎಷ್ಟು ಅನ್ನುವುದು ಆಯಾ ಕಾಲೇಜಿನ ನಿಯಮ. ಅಲ್ಲಿ ಹೈಸ್ಕೂಲು ಭಾಷೆಗೂ ಕಾಲೇಜಿಗೂ ನಡುವೆ ಸೇತುವೆ ಕಟ್ಟಿಟ್ಟಿದ್ದಾರೆ. ನಮ್ಮಲ್ಲಿ ಕಟ್ಟಿಲ್ಲ. ನೀವೇ ಹಲಗೆ ಹಾಕಿಕೊಂಡು ದಾಟಬೇಕು. ಡೆಲ್ಫ್ ಅಂತ ಹೇಳಿದ್ದು ಅದಕ್ಕೇ.

ಈಗ ಸ್ವಲ್ಪ ಖಾರದ ಮಾತು. ಒಬ್ಬರು ತಾಯಿ ನನ್ನ ಹತ್ತಿರ ಬಂದು, ‘ಮಗಳಿಗೆ ಕನ್ನಡ ಬಿಡಿಸಿ ಫ್ರೆಂಚ್ ಕೊಡಿಸಬಹುದಾ ಸರ್, ಕನ್ನಡ ಅವಳಿಗೆ ಕಷ್ಟ’ ಅಂದರು. ಮನೆಯಲ್ಲಿ ಮಾತಾಡುವ ಭಾಷೆ ಕಷ್ಟ, ಏಳೆಂಟು ಸಾವಿರ ಕಿಲೋಮೀಟರ್ ಆಚೆಯ ಭಾಷೆ ಸುಲಭ! ನಾನು ಆ ಮಗುವನ್ನು ಮಾತಾಡಿಸಿದೆ. ಅವಳಿಗೆ ಕನ್ನಡ ಕಷ್ಟ ಇರಲಿಲ್ಲ, ಒತ್ತಕ್ಷರ ಬರೆಯುವುದು ಬೇಜಾರು. ಫ್ರೆಂಚಿನಲ್ಲಿ ಬರೆದ ಅಕ್ಷರಗಳಲ್ಲಿ ಎಷ್ಟನ್ನು ಓದುವುದೇ ಇಲ್ಲ ಅಂತ ತೋರಿಸಿದೆ. ಒತ್ತಕ್ಷರವೇ ವಾಸಿ ಅಂದಳು. ಮೂರನೇ ಭಾಷೆಯಾಗಿ ಫ್ರೆಂಚ್ ತಗೊಳ್ಳಿ, ಸಂತೋಷ. ಕನ್ನಡದ ಜಾಗಕ್ಕೆ ತಗೊಳ್ಳಬೇಡಿ. ನನಗೆ ನೀನು, ನೀವು ಕಲಿಸಿದ್ದು ಯಾವ ಭಾಷೆ ಅಂತ ಆಗಲೇ ಹೇಳಿದ್ದೇನೆ.

ಮನೆಯಲ್ಲಿ ಏನು ಮಾಡಬೇಕು ಅಂತ ಕೇಳುತ್ತೀರಿ. ದಿನಕ್ಕೆ ಹತ್ತು ನಿಮಿಷ ಕಿವಿಗೆ ಕೊಡಿ. ಫ್ರಾನ್ಸಿನ ಆರ್‌ಎಫ್‌ಐ ರೇಡಿಯೋ ಕಲಿಯುವವರಿಗಾಗಿಯೇ ಸುಲಭ ಫ್ರೆಂಚಿನಲ್ಲಿ ಹತ್ತು ನಿಮಿಷದ ವಾರ್ತೆ ಕೊಡುತ್ತದೆ. ಟಿವಿ5 ಮೋಂದ್ ಎಂಬ ಫ್ರೆಂಚ್ ಟಿವಿ ಚಾನೆಲಿನ ವೆಬ್‌ಸೈಟಿನಲ್ಲಿ ಪುಕ್ಕಟೆ ಪಾಠಗಳಿವೆ. ಮೊದಲ ತಿಂಗಳು ಏನೂ ಅರ್ಥವಾಗುವುದಿಲ್ಲ. ಆಗದಿದ್ದರೂ ಕೇಳಿ. ಕನ್ನಡ ಮೀಡಿಯಂನಿಂದ ಬಂದ ನನಗೆ ಕಾಲೇಜಿನ ದಪ್ಪ ಇಂಗ್ಲಿಷ್ ಪುಸ್ತಕಗಳ ಭಯ ಹೋಗಿದ್ದು ಫ್ರೆಂಚಿನಿಂದ ಅಂದರೆ ನಂಬುತ್ತೀರಾ? ಅರ್ಧ ಅರ್ಥವಾಗದ ಪುಟದ ಮುಂದೆ ಓಡಿಹೋಗದೆ ಕೂರುವುದು ಅಭ್ಯಾಸವಾಗಿತ್ತು. ಈ ಲಾಭ ಯಾವ ಮಾರ್ಕ್ಸ್ ಕಾರ್ಡಿನಲ್ಲೂ ಬರುವುದಿಲ್ಲ.

ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗ ಆಗಿನಿಂದ ಕೈ ಎತ್ತುತ್ತಿದ್ದಾನೆ. ಹೇಳಪ್ಪಾ. ‘ಸರ್, ನಮ್ಮದು ಸರ್ಕಾರಿ ಶಾಲೆ. ನಮ್ಮಲ್ಲಿ ಫ್ರೆಂಚ್ ಇಲ್ಲ. ನಾವೇನು ಮಾಡೋದು?’

ನಮ್ಮ ಶಾಲೆಯಲ್ಲೂ ಇರಲಿಲ್ಲ ಕಣಪ್ಪಾ. ಆದರೆ ನಿನಗೆ ಸುಳ್ಳು ಹೇಳುವುದಿಲ್ಲ. ನನ್ನ ಕಾಲದಲ್ಲಿ ಕಾಲೇಜಿಗೆ ಬಂದಾಗ ಎಲ್ಲರೂ ಸೊನ್ನೆಯಲ್ಲಿದ್ದೆವು. ಈಗ ನಿನ್ನ ಪಕ್ಕ ಕೂರುವವನು ಆರನೇ ತರಗತಿಯಿಂದ ಓದಿಕೊಂಡು ಬಂದಿರುತ್ತಾನೆ. ಅವನು ಮುಂದೆ ಇರುತ್ತಾನೆ, ಬರವಣಿಗೆಯಲ್ಲಿ. ಬಾಯಿ, ಕಿವಿ ಎರಡರಲ್ಲೂ ನೀನು ಇವತ್ತೇ ಶುರು ಮಾಡಬಹುದು. ಮನೆಯಲ್ಲಿ ಫೋನ್ ಇದೆಯಾ? ಆ ಹತ್ತು ನಿಮಿಷದ ವಾರ್ತೆಗೆ ಯಾವ ಶಾಲೆಯ ಅಡ್ಮಿಷನ್ನೂ ಬೇಡ. ಎಲ್ಲಿ, ಎದ್ದು ನಿಲ್ಲು. ತುಟಿ ಗುಂಡಗೆ ಮಾಡು. ಹಾಗೇ ಇಟ್ಟುಕೊಂಡು ‘ಈ’ ಅನ್ನು.

ಕೇಳಿದಿರಾ? ಮೊದಲ ಸಲಕ್ಕೇ ಬಂತು.